ಹಲಗೆಯ ಮೇಲೆ ಒಂಟಿ ಕುದುರೆ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ರವಿವರ್ಮನ ಚಿತ್ರಗಳನ್ನೂ ದೀಪ ಹಿಡಿದ ಹೆಣ್ಣನ್ನೂ ನೋಡಿ ಇಳಿದುಬಿಡುತ್ತಾರೆ. ಮೇಲಿನ ರಂಗಮಹಲಿನ ಗೋಡೆಗಳಲ್ಲಿ ಆಟದ ಹಾಸುಗಳನ್ನೇ ಚಿತ್ರಗಳಾಗಿ ಬರೆಸಿದೆ ಎಂಬುದು ಎಷ್ಟೋ ಮೈಸೂರಿನವರಿಗೇ ತಿಳಿಯದು. ಅದು ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದ ಹುಚ್ಚು. ಆ ಹುಚ್ಚಿನ ನಡುವೆ ಒಂದು ಕುದುರೆ ಇತ್ತು.

ಚದುರಂಗ ಆಡುವುದು ಒಂದು ವಿದ್ಯೆ, ಅದರಲ್ಲಿ ಸಮಸ್ಯೆ ಕಟ್ಟುವುದು ಇನ್ನೊಂದು. ‘ಸಮಸ್ಯೆ’ ನಮ್ಮಲ್ಲಿ ಮೊದಲು ಕವಿಗಳ ಮಾತು. ಒಂದು ಸಾಲು ಕೊಟ್ಟು ಉಳಿದದ್ದನ್ನು ತುಂಬಿಸುವ ಆಟ. ಚದುರಂಗದ ಸಮಸ್ಯೆಯೂ ಇಲ್ಲಿ ಕಾವ್ಯದ ಮನೆಯಲ್ಲೇ ಬೆಳೆಯಿತು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ‘ಕಾವ್ಯಾಲಂಕಾರ’ದಲ್ಲಿ ತುರಗಪದಬಂಧ ಬರೆದ: ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟುತ್ತ ಹೋಗುವ ಸಂಚಾರವನ್ನು ಅಕ್ಷರಗಳಲ್ಲಿ ಹೆಣೆಯುವ ಬಗೆ ಅದು. ಅನುಷ್ಟುಪ್ ಶ್ಲೋಕಕ್ಕೆ 32 ಅಕ್ಷರ, ಅರ್ಧ ಹಲಗೆಗೆ 32 ಮನೆ. ನೇರ ಓದಿದರೂ ಕುದುರೆ ನಡೆಯಲ್ಲಿ ಓದಿದರೂ ಅದೇ ಶ್ಲೋಕ. ಕೆಲವೇ ಅಕ್ಷರಗಳನ್ನು ತಿರುಗಿಸಿ ಮುರುಗಿಸಿ ಬಳಸಿದ್ದರಿಂದ ಅರ್ಥ ಸೊರಗಿದೆ, ನಿಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೇ ಒಂದು ಭಾಗವಿದೆ, ಕುದುರೆಯ ಸಂಚಾರ ಅಲ್ಲೂ ಬರುತ್ತದೆ. ನಮ್ಮ ಸತ್ಯಾಗಾಲದಲ್ಲಿ ಕೆಲಕಾಲ ನೆಲೆಸಿದ್ದ ವೇದಾಂತದೇಶಿಕರು ರುದ್ರಟನನ್ನೂ ಮೀರಿಸಿದರು: ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕದ ಅಕ್ಷರಗಳ ಮೇಲೆ ಕುದುರೆ ನಡೆಸಿದರೆ ಅದರ ಮುಂದಿನ ಶ್ಲೋಕ ಹುಟ್ಟುತ್ತದೆ. ಇಲ್ಲಿ ಅರ್ಥವೂ ಉಳಿದಿದೆ. ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ ಅದೇ.

ಯುರೋಪಿನಲ್ಲಿ ಈ ಕುದುರೆ ಸಂಚಾರ ಗಣಿತದವರ ಕೈ ಸೇರಿತು. 1759ರಲ್ಲಿ ಆಯ್ಲರ್ ಇದರ ಮೇಲೆ ಪ್ರಬಂಧ ಮಂಡಿಸಿದ. 1823ರಲ್ಲಿ ವಾರ್ನ್ಸ್‌ಡಾರ್ಫ್ ಒಂದು ಉಪಾಯ ಹೇಳಿದ: ಮುಂದಕ್ಕೆ ಅತಿ ಕಡಿಮೆ ದಾರಿ ಉಳಿದಿರುವ ಮನೆಗೇ ಮೊದಲು ಹೋಗು. ಆಟದ ಕೊನೆಯ ಮಾತ್ ಸುತ್ತ ಹೆಣೆಯುವ ಸಮಸ್ಯೆಗಳೂ ಅಲ್ಲಿ ಬೇರೆ ದಾರಿ ಹಿಡಿದವು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದರ ಹೆಸರೇ ‘ಇಂಡಿಯನ್ ಪ್ರಾಬ್ಲಂ’. ಪಾದ್ರಿ ಲವ್‌ಡೇ ದೆಹಲಿಯಿಂದ ‘ಶಾಗಿರ್ದ್’ ಎಂಬ ಹೆಸರಲ್ಲಿ ಕಳಿಸಿ 1845ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಒಂಟೆ ಸುಮ್ಮನೆ ಹಿಂದೆ ಸರಿದು ಹಲಗೆಯ ಅಂಚು ಸೇರುತ್ತದೆ, ಆನೆ ಅದರ ದಾರಿಗೇ ಅಡ್ಡ ಬಂದು ನಿಲ್ಲುತ್ತದೆ. ಎದುರಾಳಿ ರಾಜನಿಗೆ ಉಸಿರಾಡಲು ಜಾಗ ಸಿಕ್ಕಿ ಅವನು ಕಾಲಿಟ್ಟನೋ, ಆನೆ ಸರಿದು ಮಾತ್.

ಮುಮ್ಮಡಿಯವರ ಚಿತ್ತ ಆ ಕಡೆಗಿರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಕಾಲವೆಲ್ಲ ಗ್ರಂಥಗಳಿಗೆ, ಆಟಗಳಿಗೆ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಯಾಟಗಳ ವಿವರವಿದೆ; ಅವುಗಳಲ್ಲಿ ಚಾಮುಂಡೇಶ್ವರಿ ಛದ ಎಂಬ ಆಟಕ್ಕೆ 320 ಎಲೆ. ರಾಜ್ಯ ಹೋದ ದೊರೆ ಹಲಗೆಯ ಮೇಲೆ ರಾಜ್ಯ ಕಟ್ಟಿದ ಎಂದು ಬರೆಯುವುದು ಸುಲಭ. ಆದರೆ ಅವರು ಮನಸೋತ ಸಮಸ್ಯೆಯಲ್ಲಿ ರಾಜನೇ ಇಲ್ಲ, ಶತ್ರುವೂ ಇಲ್ಲ. 64 ಮನೆ, ಒಂದು ಕುದುರೆ, ಹೋದ ಮನೆಗೆ ಮತ್ತೆ ಹೋಗಬಾರದು, ಅಷ್ಟೆ. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು 260 ಆಗಬೇಕೆಂದರೆ ಮಾತ್ರ ಕೈ ನಡುಗುತ್ತದೆ. ಇಂಗ್ಲೆಂಡಿನಲ್ಲಿ ಬೆವರ್ಲಿ 1848ರಲ್ಲಿ ಇಂಥದ್ದನ್ನು ಪ್ರಕಟಿಸಿದ. ಮುಮ್ಮಡಿಯವರ ಹೆಸರಿನಲ್ಲೂ ಒಂದಿದೆ.

ಕರ್ಣಗಳೂ 260 ಆಗುವಂತೆ ಮಾಡಲು ಅನೇಕರು ಹೆಣಗಿದರು. 2003ರಲ್ಲಿ ಕಂಪ್ಯೂಟರ್ ಎಲ್ಲ ದಾರಿಗಳನ್ನೂ ಜಾಲಾಡಿ ತೀರ್ಪು ಕೊಟ್ಟಿತು: ಸಾಲುಗಳು ಹೊಂದುವ ಬಗೆ 140, ಕರ್ಣಗಳೂ ಹೊಂದುವುದು ಒಂದೂ ಇಲ್ಲ.

ಇತ್ತ ಮೃಗಾಲಯದೆದುರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಹಾಸು, ಮಣೆಗಳನ್ನು ಮತ್ತೆ ಮನೆಗಳಿಗೆ ತಲುಪಿಸಿದೆ. ಪಗಡೆ, ಚೌಕಾಬಾರಕ್ಕೆ ಕೈ ಬೇಗ ಹೋಗುತ್ತದೆ. ಕುದುರೆ ನಡೆಗೆ ಮಾತ್ರ ಪೆನ್ಸಿಲ್ಲು ಹಿಡಿದು ಒಬ್ಬರೇ ಕೂರಬೇಕು. ಮೂಲೆಯ ಮನೆಯಿಂದ ಹೊರಡುವುದು ಒಳ್ಳೆಯದು. ಅಲ್ಲಿಂದ ಇರುವ ದಾರಿ ಎರಡೇ.