ಕೋಡಿ ಎಂಬ ಮಾತು

‘ಜಿನುಗು’ ಎಂಬುದಕ್ಕೆ ಎದುರು ಮಾತು ಯಾವುದು? ನಿಘಂಟನ್ನು ತೆರೆದರೆ ಧುಮ್ಮಿಕ್ಕು, ಭೋರ್ಗರೆ, ಹೊನಲು, ನೆರೆ, ಮಹಾಪೂರ ಎಂದು ಸಾಲುಗಟ್ಟಿ ನಿಲ್ಲುತ್ತವೆ. ಮಲೆನಾಡಿನವನು ಇವುಗಳಲ್ಲಿ ಒಂದನ್ನು ಆಯ್ದುಕೊಂಡಾನು. ಚಿತ್ರದುರ್ಗ ಸೀಮೆಯವನನ್ನು ಕೇಳಿದರೆ ‘ಕೋಡಿ’ ಎಂದಾನು.

ಅದಕ್ಕೆ ಕಾರಣವುಂಟು. ಇದು ಮಳೆ ಕಡಮೆಯ ನಾಡು. ಇಲ್ಲಿ ನೀರೆಂದರೆ ಮನುಷ್ಯ ಕಟ್ಟಿ ನಿಲ್ಲಿಸಿದ ನೀರು. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ‘ಹೊಳಲು’ ಹಳಗನ್ನಡದ ‘ಪೊೞಲ್’, ಎಂದರೆ ಪಟ್ಟಣ. ದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ. ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡ. ಓಬವ್ವ ನೀರಿಗೆಂದು ಹೋದಾಗಲೇ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಕಂಡಳೆಂದು ಜನ ಇಂದಿಗೂ ಹೇಳುತ್ತಾರೆ.

ಕೆರೆಗೆ ಎರಡು ಬಾಯಿ. ತೂಬಿನ ನೀರು ಅಳತೆಯದು. ಕೋಡಿಯ ನೀರು ಕೆರೆ ತುಂಬಿ ಮಿಕ್ಕದ್ದು. ಆದುದರಿಂದಲೇ ದುಃಖದಲ್ಲಿ ಕಣ್ಣೀರು, ರಣದಲ್ಲಿ ನೆತ್ತರು ಕೋಡಿ ಹರಿಯುತ್ತವೆಯೇ ಹೊರತು ತೂಬಿನಲ್ಲಿ ಹರಿಯುವುದಿಲ್ಲ.

ಈ ಮಾತಿಗೆ ದೊಡ್ಡ ಸಾಕ್ಷಿ ಹಿರಿಯೂರಿನ ಬಳಿಯ ಮಾರಿಕಣಿವೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟಿದ ವೇದಾ, ಆವತಿ ಎಂಬ ತೊರೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗ ಸೀಮೆಯನ್ನು ಹಾದು ಇಲ್ಲಿಗೆ ಬರುತ್ತವೆ. ಎರಡು ಗುಡ್ಡಗಳ ನಡುವೆ ಮೈಸೂರು ಸರ್ಕಾರ 1898ರಲ್ಲಿ ಅಣೆಕಟ್ಟೆಯ ಕೆಲಸ ತೊಡಗಿ 1907ರಲ್ಲಿ ಮುಗಿಸಿತು. ಅಂದಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಅದಕ್ಕೆ ವಾಣೀವಿಲಾಸ ಸಾಗರವೆಂದು ಹೆಸರಾಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ. ಅದನ್ನು ತುಂಬಬೇಕಾದ ಹೊಳೆಯೋ ಬಡಹೊಳೆ.

ನೀರು 130 ಅಡಿ ಮುಟ್ಟಿದರೆ ಕೋಡಿ. 1933ರಲ್ಲಿ ಮೊದಲ ಸಲ ಬಿದ್ದಿತು. ಆಮೇಲೆ 89 ವರ್ಷ ಬೀಳಲೇ ಇಲ್ಲ. ತಾತ ಕಂಡದ್ದನ್ನು ಮೊಮ್ಮಗ ಕೇಳಿಯೇ ಬಲ್ಲ. ಆದರೂ ಮಾತು ಬತ್ತಲಿಲ್ಲ. ಭದ್ರೆಯ ನೀರೂ ಸೇರತೊಡಗಿದ ಮೇಲೆ, ಒಳ್ಳೆಯ ಮಳೆಯಾದ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. ಜನ ಜಾತ್ರೆಯಂತೆ ನೆರೆದರು. 2025ರ ಜನವರಿಯಲ್ಲಿ ಮತ್ತೆ ಬಿದ್ದಿತು.

ಸಂತೋಷವೂ ಅಳತೆ ಮೀರಿದರೆ ಕಷ್ಟವೇ. 2022ರಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳಿಗೆ ನುಗ್ಗಿತು. ಒಬ್ಬನ ಕೋಡಿ ಇನ್ನೊಬ್ಬನಿಗೆ ನೆರೆ.

ಇಷ್ಟಾಗಿಯೂ ಜಿನುಗಿಗೆ ಕೋಡಿ ಹಗೆಯಲ್ಲ. ಹಳ್ಳದಲ್ಲಿ ಜಿನುಗಿದ್ದು ಏರಿಯ ಹಿಂದೆ ನಿಂತು, ವರ್ಷಗಟ್ಟಲೆ ಕಾದು, ಕೋಡಿಯಾಗುತ್ತದೆ. ಜಿನುಗನ್ನು ಕೂಡಿಡಬಲ್ಲ ಸೀಮೆಗೇ ಕೋಡಿಯ ಬೆಲೆ ಗೊತ್ತು.