ಮೂಸಿಯಿಂದ ಕೃಷ್ಣೆಯವರೆಗೆ: ಪ್ರವಾಹದ ಲೆಕ್ಕ

ಮಳೆಗಾಲದಲ್ಲಿ ಇಲ್ಲಿ ಗಲ್ಫ್‌ನಲ್ಲಿರುವ ರಾಯಚೂರು, ಯಾದಗಿರಿ, ಬಾಗಲಕೋಟೆ ಕಡೆಯ ನಮ್ಮ ಹುಡುಗರ ಫೋನ್‌ನಲ್ಲಿ ಒಂದೇ ಮಾತು: "ನಾರಾಯಣಪುರದಿಂದ ಎಷ್ಟು ಬಿಟ್ಟಾರಂತ?" ಎರಡು ಲಕ್ಷ ಕ್ಯೂಸೆಕ್, ಐದು ಲಕ್ಷ ಕ್ಯೂಸೆಕ್ ಅಂತ ಮೆಸೇಜ್ ಓಡಾಡುತ್ತದೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ನಮ್ಮ ರೂಮಿಗೆ ಬರುವ ಕುಡಿಯುವ ನೀರಿನ ದೊಡ್ಡ ಬಾಟಲಿಗಿಂತ ಹೆಚ್ಚು. ಅಂಥ ಲಕ್ಷಗಟ್ಟಲೆ ಬಾಟಲಿ ಒಂದೊಂದು ಸೆಕೆಂಡಿಗೂ ಸುರಿದಂತೆ! ಈ ಲೆಕ್ಕಕ್ಕೆ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮವರೊಬ್ಬರ ದೊಡ್ಡ ಪಾಲಿದೆ.

ಆಗ ನಮ್ಮ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. 1908ರ ಸೆಪ್ಟೆಂಬರ್ 28ರಂದು ರಾಜಧಾನಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸತ್ತವರು ಸುಮಾರು 15,000 ಎಂದು ಹೇಳುತ್ತಾರೆ. ಅಫ್ಜಲ್‌ಗಂಜ್‌ನ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರ ಇವತ್ತಿಗೂ ಇದೆ. ಮೂಸಿ ಸಣ್ಣ ನದಿ. ಬೇಸಿಗೆಯಲ್ಲಿ ನಡೆದೇ ದಾಟಬಹುದಾದ ಹೊಳೆ ಒಂದು ರಾತ್ರಿಯಲ್ಲಿ ಇಷ್ಟು ಜನರನ್ನು ನುಂಗಿದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಮರುವರ್ಷ ಕರೆಸಿದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಆಗಿನ್ನೂ ಅವರು ಮೈಸೂರಿನ ದಿವಾನರಾಗಿರಲಿಲ್ಲ. ಮುಂಬೈ ಸರ್ಕಾರದ ಕೆಲಸ ಬಿಟ್ಟಿದ್ದರು. ನೀರು ನುಗ್ಗಿದ್ದು ಪಟ್ಟಣಕ್ಕೆ, ಆದರೆ ಅವರು ಕಾರಣ ಹುಡುಕಿದ್ದು ಪಟ್ಟಣದಾಚೆ, ನದಿಯ ಮೇಲ್ಭಾಗದಲ್ಲಿ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು ಅಂತ ದಾಖಲೆ ನೋಡಿದರು. ಜಲಾನಯನ ಪ್ರದೇಶದ ಕೆರೆಗಳನ್ನು ಲೆಕ್ಕ ಹಾಕಿಸಿದರು. ಒಟ್ಟು 788 ಕೆರೆ, ಅದರಲ್ಲಿ 221 ಒಡೆದಿದ್ದವು. ಅಂದರೆ ಮಳೆಯ ನೀರಿನ ಮೇಲೆ ಒಡೆದ ಕೆರೆಗಳ ನೀರೂ ಒಂದರ ಹಿಂದೊಂದು ಸೇರಿ ಬಂದಿತ್ತು. ಪಟ್ಟಣದಲ್ಲಿ ಎಷ್ಟೇ ಎತ್ತರ ಗೋಡೆ ಕಟ್ಟಿದರೂ ಅದೊಂದರಿಂದಲೇ ಸಾಲದು, ನೀರನ್ನು ಮೇಲೆಯೇ ತಡೆಯಬೇಕು ಎಂದು ಎರಡು ಜಲಾಶಯಗಳ ಸಲಹೆ ಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ನದಿಯನ್ನು ಊರೂರಿಗೆ ಹರಿದು ಹಂಚಿ ನೋಡಬಾರದು, ಹುಟ್ಟಿದ ಕಡೆಯಿಂದ ಇಡಿಯಾಗಿ ನೋಡಬೇಕು. ಇದೇ ಅವರು ಕಲಿಸಿದ ಪಾಠ. ನಮ್ಮ ಕೆಲಸದಲ್ಲೂ ಹಾಗೇ ಅಲ್ಲವೇ? ಮನೆಯಲ್ಲಿ ಬಲ್ಬ್ ಉರಿಯದಿದ್ದರೆ ಬಲ್ಬ್ ಒಂದನ್ನೇ ನೋಡಿದರೆ ಆಗದು, ಮೇನ್‌ವರೆಗೆ ಹೋಗಬೇಕು.

ಮುನ್ಸೂಚನೆ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಶುರುವಾಗಿದ್ದು 1958ರಲ್ಲಿ, ದೆಹಲಿಯ ಯಮುನೆಗೆ. ಆಮೇಲೆ ಕೇಂದ್ರ ಜಲ ಆಯೋಗ ಬೇರೆ ನದಿಗಳಿಗೂ ಅದನ್ನು ವಿಸ್ತರಿಸಿತು. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಹುಟ್ಟಿದ ಕೇಂದ್ರವೇ ಬೆಳೆದು, ಈಗ ಗ್ರಾಮ ಪಂಚಾಯತಿ ಮಟ್ಟದ ಮಳೆಮಾಪಕಗಳ ಲೆಕ್ಕ ಇಡುತ್ತದೆ. ಎಲ್ಲ ಲೆಕ್ಕದ ಹಿಂದೆ ಇರುವುದು ಮೂರೇ ಪ್ರಶ್ನೆ: ಮೇಲೆ ಎಷ್ಟು ಮಳೆ ಬಿತ್ತು? ಜಲಾಶಯದಲ್ಲಿ ಎಷ್ಟು ಜಾಗ ಇದೆ? ಆ ನೀರು ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು?

ಕೃಷ್ಣೆಯಲ್ಲಿ ಸಾಮಾನ್ಯವಾಗಿ ಮೂರನೇ ಪ್ರಶ್ನೆ ನಮ್ಮ ಕಡೆಗೇ ಇರುತ್ತದೆ. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಸಾಂಗ್ಲಿ, ಆಲಮಟ್ಟಿ, ನಾರಾಯಣಪುರ ದಾಟಿ ರಾಯಚೂರಿಗೆ ಬರಲು ದಿನಗಳೇ ಬೇಕು. 2019ರ ಆಗಸ್ಟ್‌ನಲ್ಲಿ ಹಾಗೇ ಬಂತು. ಹಾನಿ ದೊಡ್ಡದೇ, ಆದರೆ ನಮ್ಮ ಕಡೆ ಜನ ಏಳಲು ಸಮಯ ಇತ್ತು. 2009 ಹಾಗಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಮಳೆಗಾಲ ಮುಗಿಯಿತು ಅನ್ನುವ ಹೊತ್ತಿಗೆ, ನಮ್ಮ ಬಯಲುಸೀಮೆಯ ಮೇಲೇ ಮಳೆ ಸುರಿಯಿತು. ಬೇಸಾಯಕ್ಕೆಂದು ಜಲಾಶಯ ತುಂಬಿಸಿಡುವ ಕಾಲ ಅದು. ಜಲಾಶಯ ತುಂಬಿರಲಿ ಅನ್ನುವುದು ರೈತನ ಆಸೆ, ಖಾಲಿ ಇರಲಿ ಅನ್ನುವುದು ಪ್ರವಾಹದ ಲೆಕ್ಕ. ಎರಡೂ ಒಟ್ಟಿಗೆ ಆಗದು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯ, ಕರ್ನೂಲು ಮುಳುಗಿದವು. ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಬಂತು.

ಆಗ ನಾನು ಐಟಿಐ ಮುಗಿಸಿದ ಹೊಸತು. ನೀರಿಳಿದ ಮೇಲೆ ಹೊಳೆದಂಡೆಯ ಮನೆಗಳ ವೈರಿಂಗ್ ರಿಪೇರಿಗೆ ಹೋಗಿದ್ದೆ. ಸ್ವಿಚ್ ಬೋರ್ಡ್ ಬಿಚ್ಚಿದರೆ ಒಳಗೆ ಕೆಸರು. ಪ್ರತಿ ಮನೆಯ ಗೋಡೆ ಮೇಲೂ ನೀರು ನಿಂತ ಗೆರೆ ಇತ್ತು, ಕೆಲವು ಕಡೆ ಮೀಟರ್ ಬೋರ್ಡಿಗಿಂತ ಒಂದು ಮೊಳ ಮೇಲೆ. ಮುಂದಿನ ಹಬ್ಬಕ್ಕೆ ಜನ ಸುಣ್ಣ ಬಳಿದರು, ಗೆರೆ ಹೋಯಿತು. ಆ ಊರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಇರಲಿಲ್ಲ. "ಐದು ಲಕ್ಷ ಕ್ಯೂಸೆಕ್" ಅಂದ ಕೂಡಲೇ ನೀರು ನನ್ನ ಹೊಸ್ತಿಲಿಗೆ ಬರುತ್ತೋ ಇಲ್ಲವೋ ಅಂತ ಯಾರಿಗೆ ಗೊತ್ತಾಗುತ್ತದೆ? ಇಷ್ಟು ನೀರು ಬಿಟ್ಟಾಗ ಇಲ್ಲಿತನಕ ಬಂದಿತ್ತು ಅಂತ ಗೆರೆ ಉಳಿಸಿಕೊಂಡವನಿಗೆ.

ಇನ್ನೊಂದು ಮಾತು. "ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಅಂದ್ರೆ ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಅಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಇದೆ ಅಂತ ಅರ್ಥ. ಮನೆ ಕಟ್ಟಿ 30 ವರ್ಷ ಬಾಳುತ್ತೇವೆ ಅಂದರೆ, ಅಷ್ಟರಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ನೂರಕ್ಕೆ ಸುಮಾರು 26. ನಾಲ್ಕರಲ್ಲೊಂದು!

ನಾವು ಇಲ್ಲಿ ಬಿಸಿಲಲ್ಲಿ ದುಡಿಯುವುದು ಊರಲ್ಲಿ ಒಂದು ಆರ್‌ಸಿಸಿ ಮನೆ ಕಟ್ಟಲಿಕ್ಕೆ ತಾನೇ? ಹೊಳೆ ಕಡೆ ಸೈಟು ಅಗ್ಗಕ್ಕೆ ಸಿಗುತ್ತದೆ, ಯಾಕೆ ಅಗ್ಗ ಅಂತ ಕೇಳಿ. ಪಾಯಕ್ಕೆ ದುಡ್ಡು ಕಳಿಸುವ ಮುಂಚೆ ಊರಿನ ಹಿರಿಯರನ್ನು 2009ರಲ್ಲಿ ನೀರು ಎಲ್ಲಿತನಕ ಬಂದಿತ್ತು ಅಂತ ವಿಚಾರಿಸಿ. ಕಟ್ಟಲೇಬೇಕಾದರೆ ಪಾಯ ಎತ್ತರಿಸಿ, ಮೀಟರ್ ಬೋರ್ಡ್ ಆ ಗೆರೆಗಿಂತ ಮೇಲೆ ಇಡಿಸಿ. ನೀರು ಅಂಗಳಕ್ಕೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಲು ಮನೆಯವರಿಗೆ ಹೇಳಿಕೊಡಿ. ನೆಲ ಒದ್ದೆಯಾದ ಮೇಲೆ ಬೋರ್ಡ್ ಮುಟ್ಟಬಾರದು, ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಟಿಸಿಯಿಂದಲೇ ಕರೆಂಟ್ ತೆಗೆಸಬೇಕು. ಇನ್ನು ಗೋಡೆಗೆ ಸುಣ್ಣ ಬಳಿದರೂ ಬಳಿಯಲಿ, ಆ ಗೆರೆ ಇರುವ ಕಡೆ ಒಂದು ಮೊಳೆ ಹೊಡೆದು ವರ್ಷ ಬರೆದಿಡಲು ಹೇಳಿ. ನಮ್ಮ ಮಕ್ಕಳಿಗೆ ಬೇಕಾಗುತ್ತದೆ.