ಜಪಾನಿನ ಸ್ಥಳೀಯ ಆಡಳಿತ

ಜಪಾನಿನ ಸ್ಥಳೀಯ ಆಡಳಿತದಲ್ಲಿ ಎರಡು ಹಂತಗಳಿವೆ. ಮೇಲಿನದು 47 ಪ್ರಾಂತಗಳ ಹಂತ. ಕೆಳಗಿನದು ನಗರ, ಪಟ್ಟಣ, ಗ್ರಾಮಗಳ ಹಂತ. ಕೆಳಹಂತದ ಇಂದಿನ ಸ್ವರೂಪ ಮೂರು ದೊಡ್ಡ ವಿಲೀನಗಳ ಫಲ.

ಮೇಜಿ ಸರ್ಕಾರ 1871ರಲ್ಲಿ ಊಳಿಗಮಾನ್ಯ ಸಂಸ್ಥಾನಗಳನ್ನು ರದ್ದುಪಡಿಸಿ ಪ್ರಾಂತಗಳನ್ನು ರಚಿಸಿತು. ಗೃಹಮಂತ್ರಿ ಯಾಮಾಗಾತಾ ಅರಿತೊಮೊ ಅವರ ಕಾಲದಲ್ಲಿ, ಜರ್ಮನ್ ಕಾನೂನು ತಜ್ಞ ಆಲ್ಬರ್ಟ್ ಮೊಸ್ಸೆ ಅವರ ಸಲಹೆಯಂತೆ, 1888ರಲ್ಲಿ ನಗರ ಮತ್ತು ಗ್ರಾಮಾಡಳಿತದ ಶಾಸನ ಹೊರಬಿತ್ತು. ಪ್ರಾಥಮಿಕ ಶಾಲೆ ನಡೆಸುವುದು, ತೆರಿಗೆ ವಸೂಲಿ ಮಾಡುವುದು, ಕುಟುಂಬಗಳ ದಾಖಲೆ ಇಡುವುದು ಪುಟ್ಟ ಹಳ್ಳಿಗಳ ಕೈಲಾಗುವ ಕೆಲಸವಾಗಿರಲಿಲ್ಲ. ಹಾಗಾಗಿ 300ರಿಂದ 500 ಮನೆಗಳಿಗೆ ಒಂದು ಘಟಕವೆಂದು ಗೊತ್ತುಮಾಡಿ ಹಳ್ಳಿಗಳನ್ನು ಕೂಡಿಸಲಾಯಿತು. 71,314 ಇದ್ದ ಊರುಗಳ ಸಂಖ್ಯೆ 1889ರ ಹೊತ್ತಿಗೆ 15,859ಕ್ಕೆ ಇಳಿಯಿತು. ಆದರೆ ಪ್ರಾಂತಗಳ ಗವರ್ನರುಗಳನ್ನು ಕೇಂದ್ರವೇ ನೇಮಿಸುತ್ತಿತ್ತು.

ಎರಡನೆಯ ಮಹಾಯುದ್ಧದ ನಂತರ ಈ ಹಿಡಿತ ಸಡಿಲಿತು. 1947ರ ಸಂವಿಧಾನ ಸ್ಥಳೀಯ ಸ್ವಾಯತ್ತತೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿತು. ಗವರ್ನರ್, ಮೇಯರ್ ಮತ್ತು ಸಭೆಗಳ ಸದಸ್ಯರನ್ನು ಜನರೇ ನೇರವಾಗಿ ಆರಿಸತೊಡಗಿದರು. ಅದೇ ವರ್ಷಾಂತ್ಯದಲ್ಲಿ ಗೃಹಮಂತ್ರಾಲಯವನ್ನೇ ವಿಸರ್ಜಿಸಲಾಯಿತು. ಹೊಸ ಶಿಕ್ಷಣ ಪದ್ಧತಿಯಲ್ಲಿ ಮಾಧ್ಯಮಿಕ ಶಾಲೆಯ ಹೊಣೆಯೂ ಊರಿನ ಮೇಲೆ ಬಿತ್ತು. ಅಂಥ ಒಂದು ಶಾಲೆ ನಡೆಸಲು ಕನಿಷ್ಠ 8,000 ಜನಸಂಖ್ಯೆ ಬೇಕೆಂದು ಲೆಕ್ಕಹಾಕಿ 1953ರಲ್ಲಿ ಎರಡನೆಯ ವಿಲೀನ ಆರಂಭಿಸಲಾಯಿತು. 9,868 ಇದ್ದ ಘಟಕಗಳು 1961ರ ವೇಳೆಗೆ 3,472 ಆದವು. ದೊಡ್ಡ ನಗರಗಳಿಗೆ ಪ್ರಾಂತದ ಹಲವು ಅಧಿಕಾರಗಳನ್ನು ವಹಿಸುವ ಪದ್ಧತಿ 1956ರಲ್ಲಿ ಬಂತು. ಒಸಾಕಾ, ನಾಗೋಯಾ, ಕ್ಯೋಟೊ, ಯೋಕೊಹಾಮಾ, ಕೋಬೆ ಮೊದಲ ಐದು ನಗರಗಳು.

ಮೂರನೆಯ ವಿಲೀನಕ್ಕೆ ಕಾರಣ ಶಾಲೆಯಲ್ಲ, ಹಣ. ಹಳ್ಳಿಗಾಡಿನಲ್ಲಿ ವೃದ್ಧರು ಹೆಚ್ಚಿ ದುಡಿಯುವವರು ಕಡಿಮೆಯಾಗಿದ್ದರು. ಸರ್ಕಾರದ ಸಾಲವೂ ಬೆಳೆದಿತ್ತು. ವಿಲೀನವಾಗುವ ಊರುಗಳಿಗೆ ಕೇಂದ್ರ ಸಾಲ ಸೌಲಭ್ಯ ನೀಡಿತು. 1999ರಲ್ಲಿ 3,232 ಇದ್ದ ಘಟಕಗಳು 2010ಕ್ಕೆ 1,727ಕ್ಕೆ ಇಳಿದವು. ಎಲ್ಲ ಊರುಗಳೂ ಒಪ್ಪಲಿಲ್ಲ. ಫುಕುಷಿಮಾ ಪ್ರಾಂತದ ಯಾಮಾತ್ಸುರಿ ಪಟ್ಟಣದ ಸಭೆ ತಾನು ಯಾರೊಂದಿಗೂ ಕೂಡುವುದಿಲ್ಲವೆಂದು 2001ರಲ್ಲಿ ಘೋಷಿಸಿ ಪ್ರತ್ಯೇಕವಾಗಿಯೇ ಉಳಿಯಿತು. ವಿಲೀನದ ಜೊತೆಜೊತೆಗೆ ವಿಕೇಂದ್ರೀಕರಣವೂ ನಡೆಯಿತು: ಮೇಯರ್ ಮತ್ತು ಗವರ್ನರುಗಳನ್ನು ಕೇಂದ್ರದ ಏಜೆಂಟರಂತೆ ದುಡಿಸಿಕೊಳ್ಳುವ ಪದ್ಧತಿಯನ್ನು 2000ದಲ್ಲಿ ಕೈಬಿಡಲಾಯಿತು.

ಟೋಕಿಯೊ ಈ ಚೌಕಟ್ಟಿಗೆ ಅಪವಾದ. 1943ರಲ್ಲಿ ಟೋಕಿಯೊ ನಗರ ಮತ್ತು ಪ್ರಾಂತವನ್ನು ಒಂದುಗೂಡಿಸಿದ್ದರಿಂದ ಅಲ್ಲಿ ಪ್ರತ್ಯೇಕ ನಗರಸಭೆಯಿಲ್ಲ. ಅದರ ಬದಲು 23 ವಿಶೇಷ ವಾರ್ಡುಗಳಿವೆ, ಪ್ರತಿ ವಾರ್ಡಿಗೂ ಚುನಾಯಿತ ಮೇಯರ್ ಮತ್ತು ಸಭೆ ಇವೆ. ಈ ವಾರ್ಡುಗಳನ್ನು ಬಿಟ್ಟು ಜಪಾನಿನಲ್ಲಿ ಈಗ 1,718 ನಗರ, ಪಟ್ಟಣ ಮತ್ತು ಗ್ರಾಮಗಳಿವೆ.